ಜರಡಿಯ ಮೇಲೆ ಉಳಿದದ್ದು

ಬೈಲಹೊಂಗಲ

ಪ್ರೀತಿಯ ರಾಜಮಾ,

ಈ ಪತ್ರವನ್ನು ನಿನ್ನ ಮಗಳು ಮೆಹೆರಾಜ ಓದಿ ಹೇಳುತ್ತಾಳೆಂದು ಗೊತ್ತು. ಮೆಹೆರಾಜ, ನನ್ನನ್ನು ನಾನೇ ಬೈದುಕೊಂಡ ಸಾಲು ಬಂದರೆ ಸಂಕೋಚಪಟ್ಟು ದಾಟಿಸಬೇಡ, ಜೋರಾಗಿ ಓದು. ಮೊದಲು ಸುದ್ದಿ: ಗಿಡ ಹೂ ಬಿಟ್ಟಿದೆ ರಾಜಮಾ! ನಿನ್ನೆ ಮೂರು, ಇವತ್ತು ಐದು. ಅದೇ ಗುಲಾಬಿ ಬಣ್ಣ, ಅಂಚಿಗೆ ಕೆಂಪು.

ಕಳೆದ ಮಳೆಗಾಲದಲ್ಲಿ ನಮ್ಮ ಪಕ್ಕದ ಮನೆ ಕಟ್ಟುವಾಗ ನೀನು ದಿನವಿಡೀ ಜರಡಿಯ ಮುಂದೆ ನಿಂತು ಉಸುಕು ಸೋಸುತ್ತಿದ್ದೆ. ಕೆಳಗೆ ಬಿದ್ದ ಸಣ್ಣ ಉಸುಕು ಗೋಡೆಗೆ ಬಳಿಯುವ ಗಿಲಾವಿಗೆ. ಮೇಲೆ ಉಳಿದ ಹರಳನ್ನು ಗೌಂಡಿ ಫಾರೂಕ್ ಬೇಡವೆಂದು ಮೂಲೆಗೆ ಸುರಿಸುತ್ತಿದ್ದ. ನಾಲ್ಕು ಗಂಟೆಗೆ ಕಾಂಪೌಂಡಿನ ಮೇಲಿಂದ ನಿನಗೊಂದು ಕಪ್ ಚಹಾ ಕೊಡುತ್ತಿದ್ದೆ. ಅದರ ಋಣಕ್ಕೆ ನೀನು ನನ್ನ ಮಾತನ್ನೆಲ್ಲ ಕೇಳಬೇಕಾಗುತ್ತಿತ್ತು, ಪಾಪ.

ಆ ಅಡೇನಿಯಂ ಗಿಡ ನನ್ನ ತಂಗಿ ರೇಣುವಿನದೆಂದು ಎಷ್ಟು ಸಲ ಹೇಳಿದ್ದೇನೋ. ಅವಳು ತೀರಿಕೊಂಡ ಮೇಲೆ ಸಂಪಗಾಂವದ ಅವಳ ಮನೆಯಿಂದ ನಾನು ಕೇಳಿ ತಂದದ್ದು ಅದೊಂದೇ. ಗಿಡ ಮಾತ್ರ ತಂದಿದ್ದರೆ ಚೆನ್ನಾಗಿತ್ತು. ಅವಳ ಗಿಡ ಅವಳ ಮಣ್ಣಿನಲ್ಲೇ ಇರಲೆಂದು ಅವಳ ಹೊಲದ ಕಪ್ಪು ಎರೆಮಣ್ಣನ್ನೂ ಒಂದು ಚೀಲ ತುಂಬಿಕೊಂಡು ಬಂದೆ. ಹೊಸ ಕುಂಡ, ಅಂಚಿನವರೆಗೆ ಎರೆ, ದಿನಾ ಸ್ನಾನವಾದ ಕೂಡಲೇ ಒಂದು ತಂಬಿಗೆ ನೀರು. ನಮ್ಮ ಕಡೆ ಎರೆಯೆಂದರೆ ಬಂಗಾರ. ಅದರಲ್ಲೂ ಗಿಡ ಸತ್ತೀತೆಂದು ಯಾರಿಗೆ ಹೊಳೆಯುತ್ತದೆ? ಎರೆಮಣ್ಣು ನೀರನ್ನು ಬಹಳ ದಿನ ಹಿಡಿದಿಟ್ಟುಕೊಳ್ಳುತ್ತದೆ ಎಂದು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದ ಭೂಗೋಳದ ಟೀಚರ್ ನಾನೇ. ದೀಪದ ಬುಡದಲ್ಲೇ ಕತ್ತಲೆ ನೋಡು.

ನೀನು ಎರಡು ಸಲ ಎಚ್ಚರಿಸಿದ್ದೆ. “ಅಕ್ಕಾರ, ಬುಡ ಮೆತ್ತಗಾಗೇತ್ರಿ. ನಾ ಯರಗಟ್ಟಿ ನರ್ಸರ್ಯಾಗ ಎರಡ್ ವರ್ಷ ದುಡದೇನಿ. ಎರಿ ಹೊಲದಾಗ ಛಲೋ, ಕುಂಡ್ಯಾಗ ಬ್ಯಾಡ್ರಿ. ಬೇರಿಗೂ ಉಸರಾಡಾಕ ಜಾಗಾ ಬೇಕಲ್ರಿ.” ನಾನು ನಕ್ಕೆ. ಎಲೆ ಉದುರತೊಡಗಿದಾಗ ಬಾಯಾರಿಕೆ ಇರಬೇಕೆಂದು ಇನ್ನೊಂದು ತಂಬಿಗೆ ಹೆಚ್ಚು ಸುರಿದೆ.

ಆಮೇಲೆ ಆ ಮಂಗಳವಾರ. ಸವದತ್ತಿಯಿಂದ ಮಳೆಯಲ್ಲಿ ತೊಯ್ದು ಬಂದು ನೋಡಿದರೆ ಕುಂಡ ಬರಿದಾಗಿತ್ತು. ಗಿಡ ಕಟ್ಟೆಯ ಮೇಲೆ ಮಲಗಿತ್ತು, ಅರ್ಧ ಬೇರು ಕತ್ತರಿಸಿ ಬಿದ್ದಿತ್ತು, ಚಾಕು ನಿನ್ನ ಕೈಯಲ್ಲಿತ್ತು. ಕುಂಡದ ತುಂಬ ನೀರು ನಿಂತದ್ದನ್ನು ಕಂಡು ನಿನಗೆ ತಡೆಯಲಾಗಿರಲಿಲ್ಲ. ನಾನು ಅದನ್ನು ಕೇಳಲೇ ಇಲ್ಲ. “ಅದು ನನ್ನ ತಂಗಿ ಹೊಲದ ಮಣ್ಣ! ಮುಟ್ಟಾಕ ನಿನಗ ಯಾರ್ ಹೇಳಿದ್ರು? ಉಸಕ ಸೋಸಾಕ ಬಂದಾಕಿ ಉಸಕ ಸೋಸ್. ಇನ್ನ ನನ್ನ ಗೇಟಿನೊಳಗ ಕಾಲಿಡಬ್ಯಾಡ.” ಓಣಿಯೆಲ್ಲ ಕೇಳಿತು. ನೀನು ಚಾಕು ಒರೆಸಿ ಕಟ್ಟೆಯ ಮೇಲಿಟ್ಟು ಇಷ್ಟೇ ಅಂದೆ: “ಬೈರಿ ಅಕ್ಕಾರ. ಆದ್ರ ಗಾಯಾ ಒಣಗಬೇಕ್ರಿ. ಎಂಟ್ ದಿನ ನೀರ್ ಹಾಕಬ್ಯಾಡ್ರಿ.”

ಮರುದಿನ ಬೆಳಿಗ್ಗೆ ಗೇಟಿನ ಹೊರಗೆ ಒಂದು ಬಕೆಟ್ ಇತ್ತು. ಅದರ ತುಂಬ ತೊಳೆದ ಹರಳು, ಒಂದೊಂದೂ ಜೋಳದ ಕಾಳಿನಷ್ಟು ದಪ್ಪ. ಸಿಟ್ಟು ಇಳಿದಿರಲಿಲ್ಲ, ಕಾಲಿನಿಂದ ಬದಿಗೆ ತಳ್ಳಿದೆ. ಆದರೆ ಕಟ್ಟೆ ತೊಳೆಯಲು ಹೋದಾಗ ನೀನು ಕತ್ತರಿಸಿ ಹಾಕಿದ ಬೇರು ಕೈಗೆ ಸಿಕ್ಕಿತು. ಹಿಂಡಿದರೆ ಕಪ್ಪು ನೀರು, ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಪ್ರೀತಿಯಿಂದ ದಿನಾ ಕೊಳೆಸಿದವಳು ನಾನು, ಉಳಿಸಲು ಬಂದವಳನ್ನು ಗೇಟಿನಾಚೆ ಅಟ್ಟಿದವಳೂ ನಾನು.

ಕ್ಷಮೆ ಕೇಳಲು ಓಡಿದರೆ ಜರಡಿ ಮಾತ್ರ ಇತ್ತು. ನೀನು ರಾಮದುರ್ಗದ ಕೆಲಸಕ್ಕೆ ಹೋಗಿಯಾಗಿತ್ತು. ಫಾರೂಕ್ ನೀನು ಹೇಳಿಹೋದದ್ದನ್ನು ಒಪ್ಪಿಸಿದ: “ಎರಡ್ ಪಾಲ ಹರಳ, ಒಂದ್ ಪಾಲ ದಪ್ಪ ಉಸಕ, ಒಂದ್ ಪಾಲ ಹಳೀ ಗೊಬ್ಬರ ಅಂದಾಳ್ರಿ. ಸಣ್ಣ ಉಸಕ ಬ್ಯಾಡಂತ, ಸಿಮಿಟಿನಂಗ ಗಟ್ಟಿ ಕುಂದರತೈತಂತ.” ಎಂಟು ದಿನ ಕಾದು ಹಾಗೆಯೇ ನೆಟ್ಟೆ. ಮತ್ತೊಂದು ವಾರದ ಮೇಲೆ ನೀರು ಹಾಕಿದರೆ, ತಂಬಿಗೆ ಕೆಳಗಿಡುವಷ್ಟರಲ್ಲಿ ಕುಂಡದ ತಳದಿಂದ ಹರಿದುಹೋಯಿತು. ದಿನಾ ನೀರು ಹಾಕದೆ ಕೈಕಟ್ಟಿ ಕೂರುವುದು ನನ್ನಂಥವಳಿಗೆ ಸುಲಭವಲ್ಲ. ಆದರೂ ಕೂತೆ. ದೀಪಾವಳಿಯ ಹೊತ್ತಿಗೆ ಚಿಗುರಿತು.

ಬಕೆಟಿನಲ್ಲಿ ನೀನಿಟ್ಟಿದ್ದ ಗಂಟಿನ ಮಾತು ಹೇಳದಿದ್ದರೆ ಈ ಪತ್ರ ಮುಗಿಯುವುದಿಲ್ಲ. ಹರಳು ಸುರಿದಾಗ ತಳದಲ್ಲಿ ಸಿಕ್ಕಿತು. ನಿನ್ನ ಹಳೆಯ ಸೀರೆಯ ಚೂರು, ಒಳಗೆ ನನ್ನ ಕುಂಡದ್ದೇ ಒಂದು ಹಿಡಿ ಎರೆಮಣ್ಣು, ರಾತ್ರಿ ಒಲೆಯ ಮೇಲೆ ಒಣಗಿಸಿ ಪುಡಿ ಮಾಡಿದ್ದು. ಅಷ್ಟು ಬೈಸಿಕೊಂಡ ಮೇಲೂ, ನನ್ನ ಬೈಗುಳದಲ್ಲಿ “ತಂಗಿ ಹೊಲದ ಮಣ್ಣು” ಎಂಬುದೊಂದನ್ನೇ ನೀನು ಕೇಳಿಸಿಕೊಂಡಿದ್ದೆ. ಅವತ್ತು ರೇಣು ಹೋದಾಗ ಅತ್ತಷ್ಟೇ ಅತ್ತೆ.

ಫಾರೂಕ್ ಕೈಯಲ್ಲಿ ಒಂದು ಕುಂಡ ಕಳಿಸಿದ್ದೇನೆ. ಅದೇ ಗಿಡದ ಟೊಂಗೆ, ಬೇರು ಹಿಡಿದಿದೆ. ಹರಳು ನಾನೇ ಸೋಸಿದ್ದು. ಸೊಂಟ ಇನ್ನೂ ನೆಟ್ಟಗಾಗಿಲ್ಲ. ರೇಣುವಿನ ಮಣ್ಣಿನಲ್ಲಿ ಒಂದು ಚಿಟಿಕೆ ಅದಕ್ಕೂ ಬೆರೆಸಿದ್ದೇನೆ. ತಂಗಿಯರಿಗೆ ಸಮನಾಗಿ ಹಂಚಬೇಕಲ್ಲ.

ನನ್ನನ್ನು ಕ್ಷಮಿಸಿ ಒಮ್ಮೆ ಬಾ. ನಿನ್ನ ಹೊಟ್ಟೆ ತಣ್ಣಗಿರಲಿ, ಮೆಹೆರಾಜಳ ಓದು ದಡ ಸೇರಲಿ. ಈ ಸಲ ಚಹಾ ಗೋಡೆಯ ಮೇಲಿಂದ ಅಲ್ಲ, ಒಳಗೆ ಕಟ್ಟೆಯ ಮೇಲೆ.

ಗೇಟು ತೆರೆದಿಟ್ಟುಕೊಂಡಿರುವ
ನಿನ್ನ ಅಕ್ಕ ಯಶೋಧಾ