ಎರಡು ತಕ್ಕಡಿಯಲ್ಲಿ ತೂಗಿದ್ದು

ಮನೆಯಿಂದ, ಅಡುಗೆಮನೆಯ ಮೇಜಿನ ಮೇಲೆ
ಮಾರ್ಚ್ ೧೧, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ, ಇಲ್ಲ ಈಗಲೂ ಮೆಟ್ಟಿಲು ಇಳಿಯುವಾಗ ಗೋಡೆಗೆ ಬೈಯುತ್ತೀಯಾ? ಭಾವನ ಕೆಮ್ಮು ಹೇಗಿದೆ? ಸಿಗರೇಟು ಬಿಟ್ಟೆ ಎಂದು ಅವರು ಹೇಳಿದರೆ ನಂಬಬೇಡ, ಕೋಟಿನ ಒಳಜೇಬು ನೋಡು. ಐದು ತಿಂಗಳ ಮೇಲೆ ಬರೆಯುತ್ತಿದ್ದೇನೆ, ನಾಲ್ಕನೆಯ ಸಾಲಿಗೇ ಒಬ್ಬರ ಮೇಲೆ ಅನುಮಾನ. ತೂಕ-ಅಳತೆ ಕಚೇರಿಗೆ ನಾನು ಸೇರಿದ ದಿನವೇ ನನಗೆ ‘ತಕ್ಕಡಿ’ ಎಂದು ಹೆಸರಿಟ್ಟವಳು ನೀನು. ಅಂಗಡಿಯವರ ತಕ್ಕಡಿ ಪರೀಕ್ಷಿಸಿ ಮುದ್ರೆ ಹಾಕುವ ಕೆಲಸ ಹನ್ನೊಂದು ವರ್ಷ ಮಾಡಿದ ಮೇಲೆ ಆ ಹೆಸರು ಮೈಗೆ ಅಂಟಿಕೊಂಡಿದೆ.

ಸುದ್ದಿ ಏನೆಂದರೆ, ಮತ್ತೆ ಬಸಿರಾಗಿದ್ದೇನೆ. ಕುಣಿಯಬೇಡ, ಮಂಡಿ ಜೋಪಾನ. ನಾನಂತೂ ಕುಣಿಯಲಿಲ್ಲ. ಪರೀಕ್ಷೆಯ ಪಟ್ಟಿಯ ಮೇಲೆ ಎರಡನೆಯ ಗೆರೆ ಕಂಡಾಗ ಮೊದಲು ಬಂದದ್ದು ಅನುಮಾನವೇ: ಇದು ಹೊಸದೋ, ಹೋದದ್ದರ ಉಳಿಕೆಯೋ? ಬಸಿರಿನ ಹಾರ್ಮೋನು ಗರ್ಭ ಹೋದ ಮೇಲೂ ಕೆಲವು ವಾರ ರಕ್ತದಲ್ಲಿ ಉಳಿದಿರುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದು ನೆನಪಿತ್ತು. ಖಾಲಿ ತಟ್ಟೆಯಲ್ಲೂ ಮುಳ್ಳು ಸೊನ್ನೆಗೆ ಬಾರದ ತಕ್ಕಡಿಗಳನ್ನು ನಾನು ಎಷ್ಟು ನೋಡಿಲ್ಲ! ಆಮೇಲೆ ಬೀರು ತೆಗೆದು ರಕ್ತಪರೀಕ್ಷೆಯ ಹಳೆಯ ಚೀಟಿ ಹುಡುಕಿದೆ. ಡಿಸೆಂಬರಿನಲ್ಲೇ ಸೊನ್ನೆಗೆ ಇಳಿದಿತ್ತು. ಸರಿ, ಇದು ಹೊಸದೇ. ಆದರೂ ನಂಬಿಕೆ ಬರಲಿಲ್ಲ.

ಡಾಕ್ಟರಮ್ಮ ಹೇಳಿದ್ದು ಇಷ್ಟು. ಆ ಹಾರ್ಮೋನಿನ ಒಂದೇ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ, ಒಬ್ಬರಿಗೆ ಇನ್ನೂರು ಇದ್ದರೆ ಅದೇ ವಾರದಲ್ಲಿ ಇನ್ನೊಬ್ಬರಿಗೆ ಎಂಟುನೂರು ಇರಬಹುದು, ಇಬ್ಬರದ್ದೂ ಸರಿಯೇ. ನೋಡಬೇಕಾದದ್ದು ಏರಿಕೆ. ಈ ದಿನಗಳಲ್ಲಿ ಎರಡು ಮೂರು ದಿನಕ್ಕೊಮ್ಮೆ ಸುಮಾರು ಇಮ್ಮಡಿಯಾಗಬೇಕು. ಹೋದ ಸಲ ನಮ್ಮದು ಮುನ್ನೂರರಿಂದ ಮುನ್ನೂರ ಅರವತ್ತಕ್ಕೆ ತೆವಳಿ, ಆಮೇಲೆ ಇಳಿದಿದ್ದು ನಿನಗೆ ನನಗಿಂತ ಮೊದಲೇ ಗೊತ್ತಿತ್ತು. ಅದನ್ನು ಮುಂದೆ ಬರೆಯುತ್ತೇನೆ.

ಹೋದ ಸೋಮವಾರ ಅದೇ ಹಳೆಯ ಲ್ಯಾಬಿಗೆ ಹೋದೆ. ರಕ್ತ ತೆಗೆಯುವ ಹೆಂಗಸು ನನ್ನ ಗುರುತು ಹಿಡಿದಳು. ಮೊದಲಾದರೆ ಮುಖ ನೋಡದೆ ಸೂಜಿ ಚುಚ್ಚುತ್ತಿದ್ದವಳು ಈ ಸಲ ಕೈ ಸವರಿ, “ಈ ಸಲ ಎಲ್ಲಾ ಚೆನ್ನಾಗಿರುತ್ತೆ ಬಿಡಿ” ಅಂದಳು. ನನಗೆ ಅಲ್ಲೇ ಅನುಮಾನ ಬಂತು. ಕೇಳದೆ ಕುರ್ಚಿ ಕೊಡುವ ಅಂಗಡಿಯವನ ತಕ್ಕಡಿಯನ್ನೇ ನಾವು ಮೊದಲು ಪರೀಕ್ಷಿಸುವುದು. ನಾನೂರ ಹತ್ತು ಎಂದು ಬಂತು. ಕರುಣೆಗೆ ನಾಲ್ಕು ಸೇರಿಸಿ ಬರೆದಿದ್ದಾರೋ ಏನೋ ಎಂದು ಬುಧವಾರದ ರಕ್ತವನ್ನು ಬಸ್‌ಸ್ಟ್ಯಾಂಡಿನ ಹತ್ತಿರದ ಇನ್ನೊಂದು ಲ್ಯಾಬಿನಲ್ಲಿ ಕೊಟ್ಟೆ. ಅಲ್ಲಿ ನನ್ನ ಪರಿಚಯ ಯಾರಿಗೂ ಇಲ್ಲ, ಯಾರೂ ನಗಲಿಲ್ಲ, ಸಮಾಧಾನವಾಯಿತು. ಸಂಜೆ ಚೀಟಿ ಬಂತು: ಐನೂರ ಮೂವತ್ತು. ಎಂಟುನೂರರ ಹತ್ತಿರ ಇರಬೇಕಾದದ್ದು. ಮತ್ತೆ ಅದೇ ತೆವಳಾಟ. ಲ್ಯಾಬಿನ ಮೆಟ್ಟಿಲ ಮೇಲೇ ಕೂತುಬಿಟ್ಟೆ.

ಇಲ್ಲಿಂದ ಮುಂದಿನದು ಬರೆಯಲು ಕೈ ಹಿಂಜರಿಯುತ್ತಿದೆ. ಮನೆಗೆ ಬಂದರೆ ಇವರು ಮಲಗುವ ಕೋಣೆಯ ಬಾಗಿಲು ಕಳಚಿ ಉಜ್ಜುತ್ತಾ ಕೂತಿದ್ದರು. ಎಂಟು ವರ್ಷದಿಂದ ಕಿರುಗುಟ್ಟುತ್ತಿದ್ದ ಬಾಗಿಲು, ಹೇಳಿ ಹೇಳಿ ನನ್ನ ನಾಲಿಗೆ ಸವೆದಿತ್ತು. “ಈ ಸದ್ದಿಗೆ ಮಗು ಎದ್ಬಿಡುತ್ತಲ್ವಾ” ಅಂದರು. ದಿನವಿಡೀ ಬಸ್ಸು ಓಡಿಸಿ ಬಂದ ಮನುಷ್ಯ, ಮೈಯೆಲ್ಲ ಮರದ ಪುಡಿ, ಸಿಳ್ಳೆ ಬೇರೆ. ರಿಪೋರ್ಟ್ ಬಂತಾ ಎಂದು ಕೇಳಿದರು. ಇನ್ನೂ ಬಂದಿಲ್ಲ ಅಂದೆ. ಚೀಟಿಯನ್ನು ನನ್ನ ತೂಕದ ಬಟ್ಟುಗಳ ಪೆಟ್ಟಿಗೆಯಲ್ಲಿ, ಮಖಮಲ್ಲಿನ ಕೆಳಗೆ ತುರುಕಿದೆ. ಬಟ್ಟುಗಳಿಗೆ ಬರಿಗೈ ತಾಗಬಾರದು ಎಂದು ನಾನು ಗದರಿ ಗದರಿ, ಇವರು ಆ ಪೆಟ್ಟಿಗೆಯ ಹತ್ತಿರ ಸುಳಿಯುವುದಿಲ್ಲ. ಗುರುವಾರ ಸಂಜೆ ಬಾಗಿಲು ಕೂರಿಸುವಾಗ ಒಂದೊಂದೇ ಸ್ಕ್ರೂ ಎತ್ತಿಕೊಟ್ಟವಳೂ ನಾನೇ. ಚೆನ್ನಾಗಾಯ್ತು, ಸದ್ದೇ ಇಲ್ಲ ಎಂದು ಹೊಗಳಿದೆ ಕೂಡ.

ಹಾಗೆ ಹೊಗಳುವಾಗ ನೀನು ಕಣ್ಣ ಮುಂದೆ ಬಂದೆ. ಅಕ್ಟೋಬರಿನಲ್ಲಿ, ಸಂಖ್ಯೆ ಇಳಿದ ಚೀಟಿಯನ್ನು ಕಪಾಟಿನ ಹಳೆ ಪೇಪರಿನಡಿ ಬಚ್ಚಿಟ್ಟು, ಎಲ್ಲಾ ಗೊತ್ತಿದ್ದೂ ಎರಡು ದಿನ ನನ್ನ ಪಕ್ಕ ಕೂತು ಉಣ್ಣೆಯ ಬಣ್ಣ ಆರಿಸಿದೆಯಲ್ಲ. ಚೀಟಿ ನನ್ನ ಕೈಗೆ ಸಿಕ್ಕಾಗ, “ಎರಡು ದಿನ ನೆಮ್ಮದಿಯಾಗಿ ನಿದ್ದೆ ಮಾಡ್ಲಿ ಅಂತ ಕಣೇ” ಅಂದಿದ್ದೆ ನೀನು. ನಾನು ನಿನ್ನ ಚೀಲ ಬಾಗಿಲಾಚೆ ಇಟ್ಟೆ. ಆವತ್ತಿನಿಂದ ಯಾರು ನಕ್ಕರೂ ಏನೋ ಮುಚ್ಚಿಡುತ್ತಿದ್ದಾರೆ ಅನ್ನಿಸುತ್ತಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಹೋದ ವಾರ ನಾನೂ ಅದನ್ನೇ ಮಾಡಿದೆ, ಎರಡು ದಿನ, ಲೆಕ್ಕ ಹಾಕಿದಂತೆ. ನೀನು ಮಾಡಿದ್ದು ಸರಿ ಎಂದು ಈಗಲೂ ಹೇಳಲಾರೆ. ಆ ಎರಡು ದಿನ ನಿನಗೆ ಅನ್ನ ಹೇಗೆ ಇಳಿಯಿತು ಎಂಬುದು ಮಾತ್ರ ತಿಳಿಯಿತು.

ಶುಕ್ರವಾರ ಎರಡೂ ಚೀಟಿ ಹಿಡಿದು ಒಬ್ಬಳೇ ಡಾಕ್ಟರಮ್ಮನ ಹತ್ತಿರ ಹೋದೆ. ಅವರು ಸಂಖ್ಯೆ ನೋಡುವ ಮೊದಲು ಚೀಟಿಯ ತಲೆಬರಹ ನೋಡಿ, ಕನ್ನಡಕ ತೆಗೆದು ಕೇಳಿದರು: “ನಿಮ್ದು ಏನ್ ಕೆಲ್ಸ ಅಂದ್ರಿ?” ಹೇಳಿದೆ. “ಬೆಳಿಗ್ಗೆ ಒಂದು ತಕ್ಕಡೀಲಿ ತೂಗಿ, ಸಂಜೆ ಇನ್ನೊಂದ್ರಲ್ಲಿ ತೂಗಿ, ಮಾಲು ಕಮ್ಮಿ ಅಂತ ಅಂಗಡಿಯವನಿಗೆ ನೋಟಿಸ್ ಕೊಡ್ತೀರಾ?” ಅಕ್ಕಾ, ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಒಂದೊಂದು ಲ್ಯಾಬಿನ ಯಂತ್ರ ಒಂದೊಂದು ಥರ ಅಳೆಯುತ್ತದಂತೆ. ಅಲ್ಲಿನದನ್ನು ಇಲ್ಲಿನದಕ್ಕೆ ಹೋಲಿಸಿದರೆ ಏರಿತೋ ಇಳಿಯಿತೋ ಹೇಳಲಾಗದು. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಮೊದಲ ದಿನ ನಾನೇ ಕಲಿಸುವ ಪಾಠ ಇದು!

ಅಂದೇ ಹಳೆಯ ಲ್ಯಾಬಿಗೆ ಹೋಗಿ ಆ ಹೆಂಗಸಿನ ಮುಂದೆ ತೋಳು ಚಾಚಿದೆ. ಸಾವಿರದ ಆರುನೂರ ಹತ್ತು. ನಾಲ್ಕು ದಿನಕ್ಕೆ ನಾಲ್ಕು ಪಟ್ಟು. ನಿನ್ನೆ ನಾಲ್ಕು ಸಾವಿರದ ಇನ್ನೂರು. ಶುಕ್ರವಾರ ರಾತ್ರಿಯೇ ಇವರ ಮುಂದೆ ಎಲ್ಲಾ ಚೀಟಿಗಳನ್ನು ಹರವಿ, ಬಚ್ಚಿಟ್ಟದ್ದನ್ನೂ ಹೇಳಿದೆ. ಚೀಟಿಗಳನ್ನು ಒಂದರ ಮೇಲೊಂದು ಜೋಡಿಸಿಟ್ಟು, “ಏನೋ ಇದೆ ಅಂತ ನಂಗೆ ಗೊತ್ತಿತ್ತು, ನೀನು ನನ್ನ ಹೊಗಳೋದೇ ಇಲ್ವಲ್ಲ” ಅಂದರು. ಇನ್ನು ಸಂಖ್ಯೆ ಸಾಕು, ಏರಿದ್ದು ಒಳ್ಳೆಯ ಸೂಚನೆ, ಆದರೆ ಭರವಸೆಯ ಪತ್ರವಲ್ಲ, ಮುಂದಿನದು ಸ್ಕ್ಯಾನಿನಲ್ಲೇ ಗೊತ್ತಾಗಬೇಕು ಎಂದಿದ್ದಾರೆ ಡಾಕ್ಟರಮ್ಮ. ನನಗೆ ಇನ್ನೂ ಹೆದರಿಕೆ ಇದೆ. ಬಚ್ಚಲಿಗೆ ಹೋದಾಗಲೆಲ್ಲ ರಕ್ತ ಇದೆಯೇ ಎಂದು ನೋಡುತ್ತೇನೆ.

ಭಾವನಿಗೆ ನಮಸ್ಕಾರ ಹೇಳು, ಒಳಜೇಬು ನೋಡಿದ ಮೇಲೆ. ಮಂಡಿಗೆ ಎಣ್ಣೆ ಹಚ್ಚಿಕೋ.

ನಿನ್ನ ತಂಗಿ,
ತಕ್ಕಡಿ

ಮರೆತಿದ್ದೆ: ಸ್ಕ್ಯಾನ್ ಇದೇ ಇಪ್ಪತ್ತಕ್ಕೆ, ಗುರುವಾರ ಹತ್ತೂವರೆಗೆ. ನನ್ನ ಜೊತೆ ಒಳಗೆ ಒಬ್ಬರನ್ನೇ ಬಿಡುತ್ತಾರಂತೆ. ಇವರು ಹೊರಗೆ ಕೂರುತ್ತೇನೆ ಎಂದಿದ್ದಾರೆ. ನಾನು ಗೋಡೆಯ ಕಡೆ ತಿರುಗಿರುತ್ತೇನೆ, ತೆರೆ ನೋಡಲಾರೆ. ನೀನು ನೋಡಿ ಹೇಳಬೇಕು. ಎದೆ ಬಡಿತ ಕಂಡರೂ ಅಲ್ಲೇ ಹೇಳು, ಕಾಣದಿದ್ದರೂ ಅಲ್ಲೇ, ಆ ಕ್ಷಣವೇ. ಬರುತ್ತೀಯ ತಾನೇ? ಉಣ್ಣೆ ಈಗಲೇ ತರಬೇಡ. ನಾನು ಕಸಕ್ಕೆ ಹಾಕಿದ್ದನ್ನು ನೀನು ಎತ್ತಿಕೊಂಡು ಹೋಗಿದ್ದೀಯ ಎಂದು ನನಗೆ ಅವತ್ತಿನಿಂದಲೂ ಅನುಮಾನ. ಎಸೆದಿಲ್ಲ ಅಲ್ಲವಾ?