ನೀಲಿ ಕಾರ್ಡು, ಕರಿ ಕಾರ್ಡು, ಕೆಂಪು ಕುರ್ಚಿ

ಬಾಗಲಗುಂಟೆ, ಬೆಂಗಳೂರು
೧೧ ನವೆಂಬರ್ ೨೦೧೮, ಭಾನುವಾರ ಮಧ್ಯಾಹ್ನ

ನನ್ನ ಅವ್ವನಿಗೆ ಶಿವಗಂಗಾಳ ಶರಣು.

ಕೂರಲು ಕುರ್ಚಿ ಕೊಡುತ್ತೇವೆ ಎಂದಿದ್ದರು, ಕೊಡಲಿಲ್ಲ. ಬಿಸಿಲಿಗೆ ಛತ್ರಿ ಎಂದಿದ್ದರು. ಬಂದ ಛತ್ರಿ ಮೇಜಿನ ಮೇಲಿನ ಕಾಗದಗಳಿಗೆ ನೆರಳು ಕೊಡುತ್ತದೆ, ನಮಗಲ್ಲ. ಊಟಕ್ಕೆ ಬಿಡುವು ಎಂದಿದ್ದರು. ಆಫೀಸಿನವರು ಊಟಕ್ಕೆ ಇಳಿಯುವ ಹೊತ್ತೇ ನಮ್ಮ ವ್ಯಾಪಾರದ ಹೊತ್ತು, ಹಾಗಾಗಿ ಅದೂ ಇಲ್ಲ. ಕಾಲುನೋವೆಂದು ರಜೆ ಕೇಳಿದರೆ, ಹುಡುಗಿಯರು ನಗುತ್ತ ನಿಂತಿದ್ದರೇ ಕಾರ್ಡು ಹೋಗೋದು ಎಂಬ ಉತ್ತರ. ಮಾರತ್ತಹಳ್ಳಿಯ ಟೆಕ್ ಪಾರ್ಕಿನ ಗೇಟಿನೊಳಗೆ ಮೇಜು ಹಾಕಿಕೊಂಡು ಕ್ರೆಡಿಟ್ ಕಾರ್ಡು ಮಾರುವ ನಿನ್ನ ಮಗಳ ಮತ್ತು ಅವಳ ಜೊತೆಗಾತಿಯರ ಪಾಡು ಇದು. ಶರಣಮ್ಮಕ್ಕ, ಅವ್ವನಿಗೆ ಕಾಗದ ಓದಿ ಹೇಳುವವರು ನೀವೇ. ಇಲ್ಲಿಯವರೆಗಿನದನ್ನು ಇನ್ನೊಮ್ಮೆ ಗಟ್ಟಿಯಾಗಿ ಓದಿ, ನಿಮ್ಮ ಜೊತೆ ಕೆಲಸ ಮಾಡುವ ರೂಮಿನವರೆಲ್ಲ ಕೇಳಲಿ.

ಈಗ ಕ್ಷೇಮ ಕೇಳುತ್ತೇನೆ. ಮೊಣಕಾಲು ಹೇಗಿದೆ ಅವ್ವಾ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಬಾಟಲಿಯನ್ನು ಗೂಡಿನಲ್ಲಿಟ್ಟು ನೋಡುತ್ತಿದ್ದೀಯೋ? ದೇವನಹಳ್ಳಿಯ ಕಡೆ ಚಳಿ ಶುರುವಾಗಿರಬೇಕು. ಡ್ಯೂಟಿಯಲ್ಲಿ ನಿನ್ನ ಫೋನು ಲಾಕರಿನಲ್ಲಿರುತ್ತದೆ. ನೀನು ಎದ್ದಿರುವ ಹೊತ್ತಿಗೆ ನಾನು ಬಸ್ಸಿನ ಕಂಬಿ ಹಿಡಿದು ನೇತಾಡುತ್ತಿರುತ್ತೇನೆ. ಅದಕ್ಕೇ ಈ ಕಾಗದ. ದೀಪಾವಳಿಗೂ ನಿನಗೆ ರಜೆ ಸಿಗಲಿಲ್ಲ. ನಾನೊಬ್ಬಳೇ ಹಣತೆ ಹಚ್ಚಿದೆ. ನಿನ್ನ ಕೆಂಪು ಪ್ಲಾಸ್ಟಿಕ್ ಕುರ್ಚಿ ಕಿಟಕಿಯ ಪಕ್ಕ ಇಟ್ಟ ಹಾಗೇ ಇದೆ. ಅದರ ಮೇಲೆ ಬಟ್ಟೆ ಒಣಹಾಕಿದರೆ ಬೈಯುತ್ತಿದ್ದೆಯಲ್ಲ, ಹಾಕಿಲ್ಲ.

ನಾವು ಮಾರುವುದು ಎರಡು ಕಾರ್ಡು. ಎರಡೂ ವಿಮಾನದಲ್ಲಿ ಓಡಾಡುವವರಿಗೆ. ನೀಲಿ ಕಾರ್ಡು ತೋರಿಸಿದರೆ ಏರ್‌ಪೋರ್ಟಿನಲ್ಲಿ ನೀನು ನೆಲ ಒರೆಸುವ ಲೌಂಜಿನ ಬಾಗಿಲು ತೆರೆಯುತ್ತದೆ. ವಿಮಾನ ಹೊರಡುವವರೆಗೆ ಮೆತ್ತನೆ ಸೋಫಾ, ಬೇಕಾದಷ್ಟು ಊಟ. ಕರಿ ಕಾರ್ಡಿಗೆ ಆಚೆ ಬದಿಯ ದೊಡ್ಡ ಲೌಂಜು. ಅದರ ಫೀಸು ಹೆಚ್ಚು, ಆದರೆ ಜೊತೆಗೆ ಒಬ್ಬರನ್ನು ಕರೆದೊಯ್ಯಬಹುದು. ಅಪರೂಪಕ್ಕೆ ಓಡಾಡುವವರಿಗೆ ನೀಲಿ ಸಾಕು, ಮನೆಯವರೊಂದಿಗೆ ಹೊರದೇಶಕ್ಕೆ ಹೋಗುವವರಿಗೆ ಕರಿ ಹೇಳಿ ಎಂದು ಟ್ರೇನಿಂಗಿನಲ್ಲಿ ಕಲಿಸಿದ್ದರು. ನಾನು ಎಲ್ಲರಿಗೂ ನೀಲಿಯನ್ನೇ ಕೊಡಿಸಿದೆ. ಯಾವುದು ತಗೊಳ್ಳಲಿ ಎಂದು ಜನ ನನ್ನ ಮುಖ ನೋಡಿದಾಗ ನನ್ನ ಕಣ್ಣಿಗೆ ಕಾರ್ಡು ಕಾಣುತ್ತಿರಲಿಲ್ಲ, ನೀನು ಕಾಣುತ್ತಿದ್ದೆ. ನನ್ನ ಅವ್ವ ಹೊಳೆಯುವಂತೆ ಒರೆಸಿಟ್ಟ ಜಾಗಕ್ಕೆ ನಾಲ್ಕು ಜನ ಹೋಗಲಿ, ಎಷ್ಟು ಚೆನ್ನಾಗಿದೆ ಎನ್ನಲಿ ಎಂಬ ಆಸೆ. ನಾನು ನೋಡದ ಆ ಕೋಣೆಯನ್ನು ನೀನು ಹೇಳಿದ ಮಾತುಗಳಲ್ಲೇ ವರ್ಣಿಸುತ್ತಿದ್ದೆ. ಗೋಡೆಯಷ್ಟು ದೊಡ್ಡ ಗಾಜು, ಆಚೆ ಮಂಜಿನಲ್ಲಿ ಕೊಕ್ಕರೆಗಳ ಹಾಗೆ ತಲೆ ತಗ್ಗಿಸಿ ನಿಂತ ವಿಮಾನಗಳು, ಹಾಲಿನ ಮೇಲೆ ಬಿದ್ದ ಬೆಳದಿಂಗಳಂಥ ದೀಪ. ಮಧ್ಯಾಹ್ನದ ಬಿಸಿಲಿನಲ್ಲಿ ಅದನ್ನು ಹೇಳುತ್ತ ಹೇಳುತ್ತ ನನ್ನ ಕಾಲಿನ ಉರಿಯೇ ಮರೆತುಹೋಗುತ್ತಿತ್ತು. ಕೇಳುವವರೂ ಅರೆಗಣ್ಣಾಗುತ್ತಿದ್ದರು. ಪಕ್ಕದ ಮೇಜಿನ ಶೈಲಾ, ನೀನು ಕಾರ್ಡಲ್ಲ, ನಿದ್ದೆ ಮಾರ್ತೀಯ ಕಣೇ ಎಂದು ಛೇಡಿಸುತ್ತಿದ್ದಳು.

ಹೋದ ವಾರ ಅಮೂಲ್ಯಾ ಬಂದಳು. ಅದೇ ಪಾರ್ಕಿನ ಆಫೀಸಿನವಳು, ಒಳ್ಳೆಯ ಹುಡುಗಿ, ನನ್ನ ಮಾತು ನಂಬಿ ನೀಲಿ ತಗೊಂಡವಳು. “ಲೌಂಜಾ ಅದು, ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಕಣ್ರೀ. ನಮ್ ಆಫೀಸ್ನೋರೇ ಅರ್ಧ ಜನ. ತಟ್ಟೆ ಹಿಡ್ಕೊಂಡು ನಿಂತೇ ತಿಂದೆ” ಎಂದಳು. ಆಮೇಲೆ ಧ್ವನಿ ಇಳಿಸಿ, ಜನರ ಕಾಲಿನ ನಡುವೆ ನೆಲ ಒರೆಸುತ್ತಿದ್ದ ಒಬ್ಬ ಆಂಟಿಯ ಬಗ್ಗೆ ಹೇಳಿದಳು. ಯವ್ವಾ, ಸ್ವಲ್ಪ ಕಾಲ್ ಎತ್ತು ಎಂದರಂತೆ. ಮಾತು ನಿಮ್ಮ ಕಡೆಯದೇ ಎಂದಳು. ಇವಳು ನಿಂತು ಅವರನ್ನು ಮಾತಾಡಿಸಿದಳಂತೆ. ಮೊದಲು ಅಡುಗೆಕೋಣೆಯ ಹಿಂದೆ ಕೆಲಸದವರಿಗೆ ಒಂದು ಸ್ಟೂಲು ಇತ್ತಂತೆ. ಸರದಿಯಲ್ಲಿ ಕೂತು ಕಾಲು ನೀವಿಕೊಳ್ಳುತ್ತಿದ್ದರಂತೆ. ಮಂದಿ ಹೆಚ್ಚಾದರೆಂದು ಅಲ್ಲಿ ತಟ್ಟೆಗಳ ರಾಶಿ ಇಟ್ಟು, ಸ್ಟೂಲನ್ನು ಹೊರಗೆ ಹಾಕಿದರಂತೆ. ಕೋಲು ಹಿಡಿದು ಸವೆದ ಹೆಬ್ಬೆರಳಿಗೆ ನೀನು ಸದಾ ಬಟ್ಟೆ ಸುತ್ತಿರುತ್ತೀಯಲ್ಲ, ಆ ಆಂಟಿಯೂ ಹಾಗೆ ಸುತ್ತಿದ್ದರಾ ಎಂದು ಕೇಳಿದೆ. ಹೌದು ಎಂದಳು.

ನೀನು ಇದನ್ನು ನನಗೆ ಹೇಳಲೇ ಇಲ್ಲ. ಫೋನಿನಲ್ಲಿ, ಮಂದಿ ಭಾಳ ಬರಾಕತ್ಯಾರ, ಚಲೋ ಆತು ಎಂದಿದ್ದೆ. ನಾನು ಮಾರಿದ್ದೇ ನಿನ್ನ ಸ್ಟೂಲು ಕಿತ್ತಿತು ಎಂದು ಎದೆ ಬಡಿದುಕೊಳ್ಳುವವಳಲ್ಲ ನಾನು. ಸಾವಿರ ಜನಕ್ಕೆ ಸೋಫಾ ಹಾಕಲು ಗೊತ್ತಿರುವವರಿಗೆ ಒರೆಸುವವಳಿಗೆ ಒಂದು ಸ್ಟೂಲು ಉಳಿಸಲು ಗೊತ್ತಿರಲಿಲ್ಲವೇ? ಗೊತ್ತಿತ್ತು. ಬೇಕಿರಲಿಲ್ಲ. ಅಲ್ಲಿ ನಿನ್ನನ್ನು ನಿಲ್ಲಿಸಿದವರು ಬೇರೆ, ಇಲ್ಲಿ ನನ್ನನ್ನು ನಿಲ್ಲಿಸಿದವರು ಬೇರೆ, ಲೆಕ್ಕಾಚಾರ ಒಂದೇ. ಮರುದಿನವೇ ನಾವು ಮೇಜಿನ ಹುಡುಗಿಯರೆಲ್ಲ ಸೇರಿ, ಮೇಜಿಗೊಂದು ಕುರ್ಚಿ ಬೇಕು ಎಂದು ಬರೆದುಕೊಟ್ಟೆವು.

ಶುಕ್ರವಾರ ನಮ್ಮ ಮ್ಯಾನೇಜರ್ ಶ್ಯಾಮಸುಂದರ ಸಾರ್ ನನ್ನೊಬ್ಬಳನ್ನೇ ಕ್ಯಾಂಟೀನಿಗೆ ಕರೆದು ಕಾಫಿ ಕೊಡಿಸಿದರು. “ಕುರ್ಚಿ ಏನ್ ದೊಡ್ಡ ವಿಷ್ಯ ಶಿವಗಂಗಾ? ನಿಮಗೆ ಕಾರ್ಡೇ ಮಾಡಿಸ್ಕೊಡ್ತೀನಿ, ಫೀಸಿಲ್ಲ. ನೀಲಿನೋ ಕರೀನೋ ನೀವೇ ಆರಿಸ್ಕೊಳ್ಳಿ. ಈ ಗಲಾಟೆ ಮಾತ್ರ ನಿಲ್ಸಿ. ಸೋಮವಾರ ಹೇಳಿ” ಎಂದರು.

ಮುಖಕ್ಕೆ ಹೊಡೆದ ಹಾಗೆ ಬೇಡವೆಂದೆ ಎಂದುಕೊಳ್ಳಬೇಡ ಅವ್ವಾ. ಕಾಫಿ ಕುಡಿದು ಮೇಜಿಗೆ ಬಂದೆ. ಆವತ್ತೆಲ್ಲ ಆರಿಸುತ್ತಲೇ ಇದ್ದೆ. ಸಂಜೆ ಮನೆಗೆ ಬರುವ ಬಸ್ಸು ಹೆಬ್ಬಾಳದ ಫ್ಲೈಓವರ್ ಮೇಲೆ ಸಿಕ್ಕಿಕೊಂಡಾಗ, ಕೆರೆಯ ಮೇಲೆ ಒಂದು ವಿಮಾನ ದೀಪ ಮಿಣುಕಿಸುತ್ತ ನಿಧಾನವಾಗಿ ಇಳಿಯುತ್ತಿತ್ತು. ನಿಂತಲ್ಲೇ ಕಣ್ಣು ಮುಚ್ಚಿದೆ. ನೀಲಿಯಾದರೆ ನಿನ್ನ ಲೌಂಜು. ಅಲ್ಲಿ ನೀನು ಕೂರುವವಳಲ್ಲ. ಹಿಂದೊಮ್ಮೆ ಕೇಳಿದಾಗ, “ನಾ ಒರಸೋ ಸೋಫಾದಾಗ ನಾನ ಕುಂತ್ರ ಒರಸವರ‍್ಯಾರ?” ಎಂದು ನಕ್ಕಿದ್ದೆ. ಹಾಗಾಗಿ ಕರಿ. ಕರಿ ಕಾರ್ಡಿನಲ್ಲಿ ನೀನು ನನ್ನ ಜೊತೆಯವಳು. ಟಿಕೆಟ್ಟಿಲ್ಲದೆ ಆ ಬಾಗಿಲವರೆಗೂ ಬಿಡುವುದಿಲ್ಲ ಎಂದು ದಿನಾ ಜನರಿಗೆ ಹೇಳುವವಳು ನಾನೇ. ಆದರೆ ಕಣ್ಣು ಮುಚ್ಚಿದವಳಿಗೆ ಯಾವ ಟಿಕೆಟ್ಟು? ಬಾಗಿಲು ಸದ್ದಿಲ್ಲದೆ ಸರಿಯಿತು. ನೀನು ಒರೆಸದ ನೆಲ, ನೀನು ಝಾಡಿಸದ ದಿಂಬು. ಗಾಜಿನ ಪಕ್ಕ ನಿನ್ನನ್ನು ಕೂರಿಸಿದೆ. ನೀನು ಚಪ್ಪಲಿ ಬಿಚ್ಚಿ ಕಾಲು ಮೇಲಿಟ್ಟುಕೊಂಡೆ. ಬೆಳಕು ನಿನ್ನ ಬೆಳ್ಳಿ ಕೂದಲಿನ ಮೇಲೆ ನೀರಿನಂತೆ ಹರಿಯುತ್ತಿತ್ತು. ನಿನಗೆ ಚಹಾ ತಂದೆ, ನೀನು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಬಿಸಿ ಐತಿ ಎಂದೆ. ಹೊರಗೆ ವಿಮಾನಗಳು ಒಂದೊಂದಾಗಿ ರೆಕ್ಕೆ ಬಿಚ್ಚಿ ಹೋಗುತ್ತಿದ್ದವು, ನಮಗೆ ಎಲ್ಲಿಗೂ ಹೋಗಬೇಕಿರಲಿಲ್ಲ. ಕೂತಿದ್ದೆವು. ಅಷ್ಟೇ ಸಾಕಿತ್ತು.

ಅಷ್ಟರಲ್ಲಿ ಒಬ್ಬ ಹೆಂಗಸು ಒರೆಸುವ ಕೋಲು ಹಿಡಿದು ಬಂದಳು. ನಿನ್ನದೇ ಬಣ್ಣದ ಯೂನಿಫಾರ್ಮು. ಯವ್ವಾ, ಸ್ವಲ್ಪ ಕಾಲ್ ಎತ್ತು ಎಂದಳು. ನೀನು ಕಾಲು ಎತ್ತಲಿಲ್ಲ, ಎದ್ದೇಬಿಟ್ಟೆ. ಅವಳ ಕೈಯಿಂದ ಕೋಲು ತಗೊಂಡು, ಅವಳನ್ನು ನಿನ್ನ ಜಾಗದಲ್ಲಿ ಕೂರಿಸಿ, ನೆಲ ಒರೆಸತೊಡಗಿದೆ. ಕೂಗಿದರೂ ತಿರುಗಲಿಲ್ಲ. ಕಣ್ಣು ಬಿಟ್ಟರೆ ಬಸ್ಸು ಗೊರಗುಂಟೆಪಾಳ್ಯದ ಹತ್ತಿರ ಬಂದಿತ್ತು. ಕಂಬಿ ಹಿಡಿದ ಕೈ ಮರಗಟ್ಟಿತ್ತು. ಯಾವ ಕಾರ್ಡು ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು.

ನಿನ್ನ ರೂಮಿನ ಅಕ್ಕಂದಿರಿಗೆಲ್ಲ ನನ್ನ ಶರಣು ಹೇಳು. ಮುದುಕವ್ವಜ್ಜಿಗೆ ನಶ್ಯದ ಡಬ್ಬಿ ಕಳಿಸಿದ್ದೇನೆ, ಬೈದುಕೊಂಡಾದರೂ ಕೊಡು. ನೀನು ಉಣ್ಣುವಾಗಲಾದರೂ ಕೂತು ಉಣ್ಣು.

ನಿನ್ನ ಮಗಳು,
ಶಿವಗಂಗಾ

ಮರೆತಿದ್ದೆ: ಕಾಗದ ಒಯ್ಯಲು ನಿಮ್ಮ ಕಡೆ ಗಾಡಿ ಓಡಿಸುವ ನರಸಪ್ಪಣ್ಣ ಬಂದಿದ್ದಾನೆ, ಹೊರಗೆ ಗಾಡಿಯ ಹಾರ್ನು ಒತ್ತುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಾಳೆ ನಿನ್ನ ಕೆಂಪು ಕುರ್ಚಿಯನ್ನು ಬಸ್ಸಿನಲ್ಲಿ ಮಾರತ್ತಹಳ್ಳಿಗೆ ಒಯ್ಯುತ್ತೇನೆ. ಮೇಜಿನ ಹಿಂದೆ ಹಾಕಿಕೊಂಡು, ಕೂತೇ ಕಾರ್ಡು ಮಾರುತ್ತೇನೆ. ನಾನು ಎದ್ದರೆ ಶೈಲಾ ಕೂರುತ್ತಾಳೆ, ಅವಳೆದ್ದರೆ ಇನ್ನೊಬ್ಬಳು. ಕುರ್ಚಿ ಖಾಲಿ ಬಿಡುವುದಿಲ್ಲ ಎಂದು ಮಾತಾಗಿದೆ. ಶ್ಯಾಮಸುಂದರ ಸಾರ್‌ಗೆ ನನ್ನ ಉತ್ತರ ಅದೇ. ಕೆಲಸ ಹೋಗಬಹುದು, ಕುರ್ಚಿ ಮುರಿಯಬಹುದು; ಎರಡಕ್ಕೂ ಬೈಯಬೇಡ. ಕುರ್ಚಿಯ ವಿಷಯಕ್ಕೆ ಒಂದು ಸಭೆ ಸೇರುತ್ತಿದ್ದೇವೆ. ಅಲ್ಲಿ ನಿಮ್ಮ ಸ್ಟೂಲಿನ ಮಾತನ್ನು ಮಾತ್ರ ನಾನು ಆಡಲಾರೆ, ನೀವೇ ಬಂದು ಆಡಬೇಕು. ಪಾಳಿ ಬದಲಿಸಿಕೊಂಡು ಶರಣಮ್ಮಕ್ಕನನ್ನೂ ಬರುವಷ್ಟು ಜನರನ್ನೂ ಕರೆದುಕೊಂಡು ಬಾ. ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಹತ್ತಿ ನಾಗಸಂದ್ರದಲ್ಲಿ ಇಳಿಯಿರಿ, ಕೆಳಗೆ ಶೈಲಾ ಕಾಯುತ್ತಿರುತ್ತಾಳೆ. ಎಲ್ಲರೂ ಕೂರುವಷ್ಟು ಚಾಪೆ ಹಾಸಿರುತ್ತೇವೆ. ಸಭೆ ಬಾಗಲಗುಂಟೆಯಲ್ಲಿ, ದುಡಿಯುವ ಹೆಣ್ಣುಮಕ್ಕಳ ನಮ್ಮ ಸಂಘದ ಕೋಣೆಯಲ್ಲಿ, ಬರುವ ಭಾನುವಾರ, ಹದಿನೆಂಟನೇ ತಾರೀಕು, ಬೆಳಗ್ಗೆ ಹನ್ನೊಂದು ಗಂಟೆಗೆ.