ತೊಟ್ಟಿಯ ಹುಳು ತಿನ್ನುವುದೇನು

೧೪ ಆಗಸ್ಟ್ ೨೦೦೮, ಕೊಪ್ಪ

ಹವಳದ ಕಲ್ಲಿನೊಳಗೆ ಅಡಗಿ ನನ್ನ ಉಪ್ಪುನೀರಿನ ಮೀನುತೊಟ್ಟಿಗೆ ಬಂದ ಸಿಂಬಳದ ಹುಳು ಯಾವ ಜಾತಿಯದೆಂದು ಇವತ್ತೂ ತಿಳಿಯಲಿಲ್ಲ. ಬಾಳಗಡಿಯ ಸೈಬರ್ ಕೆಫೆಯಿಂದ ಫೋಟೊ ಕಳಿಸಿದ್ದಕ್ಕೆ ಮಂಗಳೂರಿನ ಅಂಗಡಿಯವನು ಫೋನು ಮಾಡಿದ. "ಎಂತ ತಿನ್ನುತ್ತದೆ ನೋಡಿ ಸಾರ್. ಪಾಚಿ ತಿಂದರೆ ಇರಲಿ, ಹವಳ ತಿಂದರೆ ತೆಗೆದು ಬಿಸಾಡಿ."

ಅದನ್ನೇ ಕಾಯುತ್ತ ಕೂತಿದ್ದೆ. ಕಾಫಿಗೆ ಎದ್ದು ಹೋಗಿ ಬರುವಷ್ಟರಲ್ಲಿ ನನ್ನ ಅಕ್ಕ ಪ್ರೇಮಕ್ಕ ತೊಟ್ಟಿಗೆ ಒಂದು ಹಿಡಿ ಅಡುಗೆ ಉಪ್ಪು ಸುರಿದಿದ್ದಳು.

"ತರಕಾರಿ ಮಡೀಲಿ ಈ ಹುಳಾನ ಉಪ್ಪು ಹಾಕಿ ಹೀಗೇ ಅಲ್ವಾ ಕರಗಿಸೋದು?"

"ಅಕ್ಕಾ, ಅದು ಹುಟ್ಟಿದ್ದೇ ಉಪ್ಪಲ್ಲಿ."

"ಹಂಗಾದ್ರೆ ಸಾಕಾಗ್ಲಿಲ್ಲ ಮಾರಾಯ. ಇನ್ನೊಂದು ಹಿಡಿ ತರ್ಲಾ?"

ಹುಳು ಆರಾಮಾಗಿ ಗಾಜು ಹತ್ತುತ್ತಿದೆ. ಕಲ್ಲಿನ ಮೇಲಿನ ಜೀವಂತ ಹವಳ ಮಾತ್ರ ಮುದುಡಿದೆ. ನಾಳೆ ಅದು ಸತ್ತರೆ ಕೊಂದದ್ದು ಹುಳುವೋ ಉಪ್ಪೋ, ಇನ್ನು ಗೊತ್ತಾಗುವುದಿಲ್ಲ. ಹುಳುವೇ ಅಂತ ಅಕ್ಕ ಆಗಲೇ ತೀರ್ಮಾನಿಸಿದ್ದಾಳೆ.